ಮೊಬೈಲ್ ಬಿಡಿ ಅನ್ನೋ ಮೊದಲು ಕಾಲೇಜು ವಾಟ್ಸಾಪ್ ಬಿಡಲಿ

ಸೆಮಿಸ್ಟರ್ ರಿಸಲ್ಟ್ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. "ಎಲ್ಲಾ ಆ ಮೊಬೈಲಿಂದ." ಬ್ಯಾಕ್, ಅಂದರೆ ಪಾಸಾಗದ ಸಬ್ಜೆಕ್ಟ್, ಉಳಿಸಿಕೊಂಡವರು ಜಾಸ್ತಿ ಇದ್ದಷ್ಟೂ ಮಾತು ಗಟ್ಟಿಯಾಗುತ್ತದೆ. ಪೇರೆಂಟ್ಸ್ ಮೀಟಿಂಗಿಗೆ ಬರುವ ಅಪ್ಪಂದಿರದೂ ಅದೇ ದೂರು. "ಹೊತ್ತು ಮುಳುಗಿದ್ರೆ ಸಾಕು, ಅದನ್ನ ಹಿಡ್ಕಂಡು ಕುಂತಿರ್ತಾನೆ ಮೇಡಂ."

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರೇರಿಯನ್. ಪಾಠ ಮಾಡುವವರಿಗೆ ಮಕ್ಕಳು ಕೇಳುವಾಗಿನ ಮುಖ ಗೊತ್ತು. ನನಗೆ ಅವರು ಓದುವಾಗಿನ ಮುಖ ಗೊತ್ತು. ಆ ಮುಖಗಳನ್ನು ನೋಡಿ ನೋಡಿ ನನಗೆ ಅನಿಸಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಮೊಬೈಲಿಂದ ಓದು ಕೆಡುತ್ತಿದೆ ಅನ್ನೋದು ಅರ್ಧ ನಿಜ. ಆ ಮೊಬೈಲನ್ನು ಓದಿನ ಮಧ್ಯಕ್ಕೆ ತಂದಿಟ್ಟವರಲ್ಲಿ ಕಾಲೇಜಿನವರಾದ ನಾವೂ ಇದ್ದೇವೆ ಅನ್ನೋದು ಇನ್ನರ್ಧ. ಆ ಅರ್ಧವನ್ನು ಯಾರೂ ಮಾತಾಡುತ್ತಿಲ್ಲ.

ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ. ಪರೀಕ್ಷೆ ಹತ್ತಿರ ಬಂದಿತ್ತು. ರೀಡಿಂಗ್ ರೂಮಿನ ಕಿಟಕಿ ಪಕ್ಕ ಒಬ್ಬ ಬಿ.ಕಾಂ. ಹುಡುಗ ಕಾಸ್ಟ್ ಅಕೌಂಟಿಂಗ್ ಲೆಕ್ಕ ಹಿಡಿದು ಕೂತಿದ್ದ. ಸ್ಕೇಲ್ ಇಟ್ಟು ಗೆರೆ ಎಳೆದು, ಮೇಲೆ 'ಪ್ರೊಸೆಸ್ ಎ ಅಕೌಂಟ್' ಅಂತ ಬರೆದು, ಎರಡೂ ಬದಿ ಕಾಲಂ ಮಾಡಿಕೊಂಡಿದ್ದ. ನಾನು ಅವನ ಹಿಂದಿನ ಕಪಾಟಿನಲ್ಲಿ ವಾಪಸ್ ಬಂದ ಪುಸ್ತಕ ಜೋಡಿಸುತ್ತಿದ್ದೆ. ನಾರ್ಮಲ್ ಲಾಸ್ ಹತ್ತಿರ ಬಂದು ಅವನ ಪೆನ್ನು ನಿಂತಿತು. ಮೇಷ್ಟ್ರು ಗ್ರೂಪಿಗೆ ಹಾಕಿದ್ದ ನೋಟ್ಸಿನ ಫೋಟೊ ನೋಡೋಣ ಅಂತ ಮೊಬೈಲ್ ತೆಗೆದ. ವಾಟ್ಸಾಪಿನಲ್ಲಿ ಕ್ಲಾಸ್ ಗ್ರೂಪಿಗಿಂತ ಮೇಲೆ ಗೆಳೆಯರ ಗ್ರೂಪ್ ಇತ್ತು. ಅದರಲ್ಲಿ ಯಾರೋ ಇನ್‌ಸ್ಟಾಗ್ರಾಂ ಲಿಂಕ್ ಕಳಿಸಿದ್ದರು. ಒತ್ತಿದ. ಒಂದು ರೀಲ್ ಬಂತು, ಅದರ ಕೆಳಗೆ ಇನ್ನೊಂದು. ಎಡಗೈ ಹೆಬ್ಬೆರಳು ಓಡುತ್ತಲೇ ಇತ್ತು. ಬಲಗೈಯಲ್ಲಿ ಪೆನ್ನು ಹಾಗೇ ಇತ್ತು, ಕ್ಯಾಪ್ ಕೂಡ ಹಾಕಿರಲಿಲ್ಲ.

ನಾನು ಆ ಕಪಾಟು ಮುಗಿಸಿ ಪಕ್ಕದ್ದಕ್ಕೆ ಹೋದ ಮೇಲೆ ಅವನು ತಲೆ ಎತ್ತಿದ. ಮೊಬೈಲ್ ಮಗುಚಿಟ್ಟ. ಲೆಕ್ಕವನ್ನು ಮೊದಲ ಸಾಲಿನಿಂದ ಮತ್ತೆ ಓದಲು ಶುರು ಮಾಡಿದ. ಯಾವ ಫೋಟೊ ನೋಡಲು ಮೊಬೈಲ್ ತೆಗೆದಿದ್ದನೋ ಅದನ್ನು ನೋಡೇ ಇರಲಿಲ್ಲ.

ಆ ಹುಡುಗ ಸೋಮಾರಿ ಅಲ್ಲ. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಬಸ್ ಸ್ಟ್ಯಾಂಡಿನ ದಾರಿ ಹಿಡಿದರೆ ಇವನು ಲೈಬ್ರರಿಗೆ ಬರುತ್ತಾನೆ. ಸಂಜೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಓದೋಕೆ ಸಿಗೋದೇ ಮಧ್ಯಾಹ್ನದ ಆ ಒಂದಿಷ್ಟು ಹೊತ್ತು. ಅವನ ಮನೆಯವರನ್ನು ಕೇಳಿದರೆ "ದಿನಾ ಲೈಬ್ರರಿಗೆ ಹೋಗ್ತಾನೆ, ಆದ್ರೂ ಮಾರ್ಕ್ಸ್ ಬರಲ್ಲ" ಅಂತಾರೆ. ಓದುವ ಹೊತ್ತು ಇದೆ, ಕೂರುವ ಮನಸ್ಸಿದೆ, ಪುಸ್ತಕವೂ ಎದುರಿಗಿದೆ. ಆದರೆ ಆ ಹೊತ್ತು ತುಂಡು ತುಂಡಾಗಿದೆ.

ಈ ವಿಷಯದಲ್ಲಿ ಸಂಶೋಧಕರ ಜಗಳ ಶುರುವಾಗಿ ಬಹಳ ವರ್ಷ ಆಯ್ತು. 2009ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆರಿನ್ ಕಾರ್ಪಿನ್‌ಸ್ಕಿ 219 ವಿದ್ಯಾರ್ಥಿಗಳನ್ನು ವಿಚಾರಿಸಿ, ಫೇಸ್‌ಬುಕ್ ಬಳಸುವವರ ಗ್ರೇಡ್ ಕಮ್ಮಿ ಇದೆ ಅಂದರು. ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಅದೇ ವರ್ಷ ಜಾಶ್ ಪಾಸೆಕ್ ಮತ್ತು ಇನ್ನಿಬ್ಬರು ಬೇರೆ ಅಂಕಿಅಂಶಗಳನ್ನು ಹಿಡಿದು ನೋಡಿ, ನಮಗೆ ಅಂಥ ಗಟ್ಟಿ ನಂಟು ಕಾಣಲಿಲ್ಲ ಅಂದರು. 2012ರಲ್ಲಿ ರೇನಾಲ್ ಜಂಕೊ ಮತ್ತು ಶೆಲಿಯಾ ಕಾಟನ್ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿದರು. ದಿನಕ್ಕೆ ಎಷ್ಟು ಹೊತ್ತು ಅಂತಷ್ಟೇ ಕೇಳಲಿಲ್ಲ. ಓದುತ್ತಾ ಇರುವಾಗ ಏನೇನು ಮಾಡ್ತೀರಿ ಅಂತ ಕೇಳಿದರು. ಓದಿನ ಮಧ್ಯೆ ಫೇಸ್‌ಬುಕ್ ನೋಡುವವರು, ಮೆಸೇಜ್ ಮಾಡುವವರು ಗ್ರೇಡಿನಲ್ಲಿ ಹಿಂದೆ ಇದ್ದರು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು 2018ರ ಒಂದು ಕೆಲಸ. ಮಾರ್ಕರ್, ಗ್ನಾಂಬ್ಸ್, ಆಪೆಲ್ ಅನ್ನುವ ಮೂವರು ಅದುವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ ನೋಡಿದರು. ಸೋಷಿಯಲ್ ಮೀಡಿಯಾ ಬಳಕೆ ಹೆಚ್ಚಿದಷ್ಟೂ ಅಂಕ ಕಮ್ಮಿ ಅನ್ನೋ ನಂಟು ಒಟ್ಟಾರೆ ಬಹಳ ಸಣ್ಣದು. ಓದುವಾಗಲೇ ಪಕ್ಕದಲ್ಲಿ ಬಳಸುವವರಲ್ಲಿ ಅದು ಸ್ವಲ್ಪ ಜಾಸ್ತಿ. ಓದಿಗೋಸ್ಕರವೇ ಬಳಸುವವರಲ್ಲಿ ಅಂಕ ಸ್ವಲ್ಪ ಮೇಲೆ. ಸೋಷಿಯಲ್ ಮೀಡಿಯಾದಿಂದ ಓದುವ ಸಮಯ ಕಮ್ಮಿ ಆಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವಲ್ಲ, ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಇವೆಲ್ಲ ಹೆಚ್ಚಾಗಿ ಕೇಳಿ ಬರೆದುಕೊಂಡ ಸಮೀಕ್ಷೆಗಳು. ಮೊಬೈಲಿಂದಲೇ ಅಂಕ ಬಿತ್ತು ಅಂತ ಇವು ಸಾಬೀತು ಮಾಡಲಾರವು. ಪಾಠ ತಲೆಗೆ ಹತ್ತದೆ ಬೇಜಾರಾದ ಹುಡುಗನೇ ಮೊಬೈಲ್ ಹಿಡಿಯುತ್ತಿರಬಹುದು. ಕನ್ನಡ ಮೀಡಿಯಂನಲ್ಲಿ ಪಿಯುಸಿ ಮುಗಿಸಿ ಬಂದ ಮಗು ಇಂಗ್ಲಿಷ್ ಟೆಕ್ಸ್ಟ್ ಬುಕ್ಕಿನ ಮೂರನೇ ಪ್ಯಾರಾದಲ್ಲಿ ಸಿಕ್ಕಿಹಾಕಿಕೊಂಡು, ಯಾರನ್ನೂ ಕೇಳಲಾಗದೆ ಸುಮ್ನೆ ಮೊಬೈಲ್ ತೆಗೆಯೋದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಸರಿಪಡಿಸಬೇಕಾದ್ದು ಏನು, ಮೊಬೈಲಾ?

ಇನ್ನು ನಾವು ಮಾಡಿದ್ದನ್ನು ನೋಡಿ. ಟೈಮ್ ಟೇಬಲ್ ಬದಲಾದರೆ ವಾಟ್ಸಾಪ್. ಇಂಟರ್ನಲ್ಸ್ ಮುಂದೆ ಹೋದರೆ ವಾಟ್ಸಾಪ್. ನೋಟ್ಸು, ಅಸೈನ್‌ಮೆಂಟ್ ವಿಷಯ, ಫೀ ಕಟ್ಟುವ ಕೊನೇ ದಿನ, ಎನ್‌ಎಸ್‌ಎಸ್ ಕ್ಯಾಂಪು, ಎಲ್ಲಾ ವಾಟ್ಸಾಪ್. ಒಬ್ಬ ವಿದ್ಯಾರ್ಥಿಗೆ ಕಾಲೇಜಿನದೇ ಎಂಟು ಹತ್ತು ಗ್ರೂಪು. ಪ್ರತಿ ಸಬ್ಜೆಕ್ಟಿಗೆ ಒಂದು, ಕ್ಲಾಸಿಗೆ ಒಂದು, ಹಾಸ್ಟೆಲಿಗೆ ಒಂದು, ಸ್ಕಾಲರ್‌ಶಿಪ್ಪಿಗೆ ಒಂದು. ರಾತ್ರಿ ಹತ್ತಕ್ಕೆ "ನಾಳೆ ಬೆಳಿಗ್ಗೆ ಅಸೈನ್‌ಮೆಂಟ್ ತನ್ನಿ" ಅಂತ ಮೆಸೇಜ್ ಹಾಕುವ ನಾವೇ, ಮರುದಿನ ಕ್ಲಾಸಿನಲ್ಲಿ "ರಾತ್ರಿಯೆಲ್ಲ ಮೊಬೈಲ್ ನೋಡ್ತೀರಲ್ಲ" ಅಂತ ಬೈಯುತ್ತೇವೆ. ಇದು ನ್ಯಾಯವೇ?

ಸರ್ಕಾರದ ಕೆಲಸವೂ ಅಲ್ಲೇ. ಪರೀಕ್ಷೆ ಅರ್ಜಿ, ಹಾಲ್ ಟಿಕೆಟ್, ರಿಸಲ್ಟ್ ಎಲ್ಲ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ. ಸ್ಕಾಲರ್‌ಶಿಪ್ಪಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್. ಎರಡಕ್ಕೂ ಓಟಿಪಿ ಬೇಕು, ಓಟಿಪಿಗೆ ಮೊಬೈಲ್ ಬೇಕು. ಇದರಿಂದ ಅನುಕೂಲವೂ ಆಗಿದೆ, ಇಲ್ಲ ಅನ್ನಲ್ಲ. ಆದರೆ ಮೊಬೈಲ್ ಇಲ್ಲದೆ ಇವತ್ತು ಡಿಗ್ರಿ ಮಾಡೋಕೆ ಆಗಲ್ಲ ಅನ್ನೋದನ್ನು ಮೊದಲು ಒಪ್ಪಿಕೊಳ್ಳೋಣ. "ಬಿಸಾಕು ಅದನ್ನ" ಅನ್ನೋ ಬುದ್ಧಿಮಾತಿಗೆ ಅರ್ಥವೇ ಇಲ್ಲ.

ಇದು ಶುರುವಾಗಿದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. 2016ರಲ್ಲಿ ಜಿಯೊ ಬಂದು ನೆಟ್ ಅಗ್ಗವಾಯಿತು. ಆದರೂ ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ಸ್ಮಾರ್ಟ್‌ಫೋನ್ ಬಂದದ್ದು 2020ರಲ್ಲಿ. ಅದೂ ಮಕ್ಕಳ ಆನ್‌ಲೈನ್ ಕ್ಲಾಸಿಗೆ. ಕುರಿ ಮಾರಿ ಮೊಬೈಲ್ ಕೊಡಿಸಿದೆ ಅಂತ ಒಬ್ಬ ತಂದೆ ನನ್ನ ಕೌಂಟರ್ ಎದುರು ನಿಂತು ಹೇಳಿದ್ದರು. ಅದೇ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ಕೆಲವೇ ದಿನಗಳಲ್ಲಿ, ಜುಲೈನಲ್ಲಿ, ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಶುರು ಮಾಡಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಪಾಠ ಬಂದ ಯಂತ್ರದಲ್ಲೇ, ಪಾಠ ಬಂದ ತಿಂಗಳುಗಳಲ್ಲೇ, ಇವೆಲ್ಲವೂ ಬಂದವು. ಹೈಸ್ಕೂಲು ಮಗುವಿಗೆ ಎರಡನ್ನೂ ಬೇರೆ ಬೇರೆ ಇಡೋದು ಹೇಗೆ ಅಂತ ಕಲಿಸೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಶಾಲೆಯೇ ಮುಚ್ಚಿತ್ತಲ್ಲ.

2021ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದವರಿಗೆ ಪರೀಕ್ಷೆ ನಡೆದದ್ದು ಎರಡೇ ದಿನ, ಜುಲೈ 19 ಮತ್ತು 22. ಎಲ್ಲಾ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಹಾಳೆ. ಆಗ ಅದು ಅನಿವಾರ್ಯ, ತಪ್ಪು ಅನ್ನಲಾರೆ. ಆದರೆ ಮೂರು ಗಂಟೆ ಕೂತು ಪುಟಗಟ್ಟಲೆ ಬರೆಯುವ ಅಭ್ಯಾಸ ಆಗಬೇಕಿದ್ದ ವಯಸ್ಸಿನಲ್ಲಿ ಅವರಿಗೆ ಅದು ಸಿಗಲಿಲ್ಲ. ಅಂಥ ಮಕ್ಕಳು ಡಿಗ್ರಿಗೆ ಬಂದಾಗ, ಅದನ್ನೆಲ್ಲ ಮರೆತು, ಏಕಾಗ್ರತೆ ಇಲ್ಲ ಅಂತ ಬೈದೆವು.

ರೀಲ್ಸಿನ ಬಗ್ಗೆ ಒಂದು ಮಾತು. ಕೆಳಗೆ ಹೋದಷ್ಟೂ ಮುಗಿಯದೆ ಬರುತ್ತಲೇ ಇರುವ ಪುಟವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಮುಂದೆ ಅವರೇ ಅದರ ಬಗ್ಗೆ ಬೇಸರಪಟ್ಟು ಮಾತಾಡಿದ್ದಾರೆ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಕಣ್ಣು ಮೇಲೇಳುತ್ತದೆ. ಇಲ್ಲಿ ಏಳುವ ಜಾಗವೇ ಇಲ್ಲ. ಹತ್ತೊಂಬತ್ತರ ಹುಡುಗನೊಬ್ಬ ಇದರ ಎದುರು ಸೋತರೆ ಅವನ ಗುಣ ಕೆಟ್ಟಿದೆ ಅನ್ನೋಕೆ ನನಗೆ ಬಾಯಿ ಬರಲ್ಲ.

ಬಿಟ್ಟು ಬಂದ ಮೇಲೂ ಅದು ಪೂರ್ತಿ ಬಿಡುವುದಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟಿದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಅಂತ ಸೋಫಿ ಲೆರಾಯ್ 2009ರಲ್ಲೇ ತೋರಿಸಿದ್ದರು. ಆ ಬಿ.ಕಾಂ. ಹುಡುಗ ಲೆಕ್ಕವನ್ನು ಮೊದಲಿನಿಂದ ಓದಬೇಕಾಗಿ ಬಂದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಫೋಟೊ ನೋಟ್ಸಿನ ವಿಷಯ ನನಗೆ ಇನ್ನೂ ಜಾಸ್ತಿ ಸಂಕಟ ಕೊಡುತ್ತದೆ. ಬೋರ್ಡಿನ ಮೇಲೆ ಬರೆದದ್ದನ್ನು ಫೋಟೊ ಹೊಡೆದುಕೊಳ್ಳುತ್ತಾರೆ. ಗೆಳತಿಯ ನೋಟ್ಸಿನ ಫೋಟೊ, ನನ್ನ ಲೈಬ್ರರಿ ಪುಸ್ತಕದ ಫೋಟೊ. ಒಂದು ಹುಡುಗಿ ಪುಸ್ತಕ ಹುಡುಕಲು ಬಂದು, "ಪುಟ ನನ್ನ ಹತ್ರ ಇದೆ ಮೇಡಂ, ಬುಕ್ ಹೆಸರು ಗೊತ್ತಿಲ್ಲ" ಅಂತ ಗ್ಯಾಲರಿ ತೋರಿಸಿದಳು. ಅಕ್ಕನ ಮದುವೆ ಫೋಟೊ, ಕುಂದುವಾಡ ಕೆರೆ ಸೆಲ್ಫಿ, ಮಧ್ಯೆ ಇಂಡಿಯನ್ ಪಾಲಿಟಿಯ ಎರಡು ಪುಟ, ಮತ್ತೆ ಮದುವೆ. ಫೋಟೊ ಹೊಡೆದ ಕೂಡಲೇ ವಿಷಯ ನಮ್ಮದಾಯಿತು ಅಂತ ಮನಸ್ಸಿಗೆ ಸಮಾಧಾನ ಆಗಿಬಿಡುತ್ತದೆ. ಓದೋದು ಉಳಿದೇ ಇರುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ಇನ್ನೊಂದು ಕಾಟ. "ಎಕ್ಸಾಂ ಪೋಸ್ಟ್‌ಪೋನ್" ಅಂತ ಒಂದು ಸುತ್ತೋಲೆ ಹರಿದಾಡುತ್ತದೆ. ಹಳೇ ಪತ್ರದ ತಾರೀಖು ತಿದ್ದಿರುತ್ತಾರೆ, ಇಲ್ಲವೇ ಬೇರೆ ಯಾವುದೋ ಯೂನಿವರ್ಸಿಟಿಯದ್ದು ಇರುತ್ತದೆ. ನಿಜವೋ ಸುಳ್ಳೋ ಅಂತ ಕೇಳುತ್ತಲೇ ಹನ್ನೊಂದು ಗಂಟೆ ಆಗುತ್ತದೆ. ಪುಸ್ತಕ ಮುಚ್ಚಿದವರು ಮತ್ತೆ ತೆರೆಯಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಇಷ್ಟು ಉದ್ದ ಬರೆಯಲು ಕೂತದ್ದೇ ಇದಕ್ಕೆ.

ಟಿ.ಸಿ. ಬೇಕಾದರೆ ಲೈಬ್ರರಿಯಿಂದ ನೋ ಡ್ಯೂ ಸಹಿ ಆಗಬೇಕು. ಹಾಗಾಗಿ ಕಾಲೇಜು ಬಿಡುವ ಮಕ್ಕಳೆಲ್ಲ ನನ್ನ ಎದುರು ಒಮ್ಮೆ ನಿಲ್ಲುತ್ತಾರೆ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ, ಬಿ.ಎ. ಎರಡನೇ ವರ್ಷ, ಅಪ್ಪನ ಜೊತೆ ಬಂದಳು. ಎರಡು ಸಬ್ಜೆಕ್ಟ್ ಬ್ಯಾಕ್ ಇತ್ತು. "ಮೊಬೈಲ್ ನೋಡಿ ನೋಡಿ ಕೆಟ್ಲು. ಕಿತ್ಕಂಡಿದೀವಿ. ಇನ್ನು ಓದಿದ್ದು ಸಾಕು" ಅಂದರು ಅವರು. ನಾನು ಕುರ್ಚಿ ಕೊಟ್ಟು ಕೂರಿಸಿದೆ. ಬ್ಯಾಕ್ ಆದದ್ದನ್ನು ಮುಂದಿನ ಸಲ ಕಟ್ಟಬಹುದು, ನಾನೇ ಹಳೇ ಪ್ರಶ್ನೆ ಪತ್ರಿಕೆ ಕೊಡ್ತೀನಿ, ಬುಕ್ ಬ್ಯಾಂಕಿನಿಂದ ಪುಸ್ತಕ ಕೊಡ್ತೀನಿ ಅಂತ ಎಷ್ಟು ಹೇಳಿದರೂ ಅವರು ತಲೆ ಆಡಿಸಲಿಲ್ಲ. ಹುಡುಗಿ ಬ್ಯಾಗಿನಿಂದ ನಮ್ಮ ಪುಸ್ತಕ ತೆಗೆದು ಕೌಂಟರ್ ಮೇಲಿಟ್ಟಳು. ಪೇಪರಿನಲ್ಲಿ ರಟ್ಟು ಹಾಕಿ, ಮೇಲೆ ಚಂದವಾಗಿ ವಿಷಯದ ಹೆಸರು ಬರೆದಿದ್ದಳು. ಒಳಗೆ ಒಂದು ಪುಟವೂ ಮಡಚಿರಲಿಲ್ಲ.

ಹುಡುಗರಿಗೆ ಬ್ಯಾಕ್ ಉಳಿದರೆ ಮೊಬೈಲಿಗೆ ಬೈಗುಳ. ಹುಡುಗಿಗೆ ಬ್ಯಾಕ್ ಉಳಿದರೆ ಓದೇ ನಿಲ್ಲುತ್ತದೆ. ಅದೇ ಕ್ಲಾಸಿನಲ್ಲಿ ಎರಡಲ್ಲ, ಐದು ಬ್ಯಾಕ್ ಇಟ್ಟುಕೊಂಡ ಹುಡುಗರು ಇನ್ನೂ ಬರುತ್ತಿದ್ದಾರೆ. ಬರಲಿ, ಓದಲಿ. ಆದರೆ ನಾವು ಸ್ಟಾಫ್ ರೂಮಿನಲ್ಲಿ, ಮೀಟಿಂಗಿನಲ್ಲಿ ಹಗುರವಾಗಿ "ಎಲ್ಲಾ ಮೊಬೈಲಿಂದ" ಅಂತೀವಲ್ಲ, ಆ ಮಾತು ಹಳ್ಳಿಯ ಮನೆ ತಲುಪುವಾಗ ಏನಾಗುತ್ತದೆ ಅಂತ ಯೋಚಿಸಿ. ಕಾಲೇಜಿನವರೇ ಹೇಳಿದ್ದಾರೆ ಅನ್ನೋ ಬಲ ಅದಕ್ಕೆ ಬಂದಿರುತ್ತದೆ. ಆ ಹುಡುಗಿಯ ತರಗತಿಯ ನೋಟ್ಸ್ ಪೂರ್ತಿ ವಾಟ್ಸಾಪಿನಲ್ಲಿತ್ತು. ಮೊಬೈಲ್ ಕಿತ್ತುಕೊಂಡ ದಿನವೇ ಅವಳ ನೋಟ್ಸೂ ಹೋಗಿತ್ತು.

ಮೊಬೈಲಿನಿಂದ ಉದ್ಧಾರವಾದವರೂ ನನ್ನ ಕಣ್ಣೆದುರೇ ಇದ್ದಾರೆ. ಕೋಚಿಂಗಿಗೆ ದುಡ್ಡಿಲ್ಲದ ಹುಡುಗರು ಯೂಟ್ಯೂಬ್‌ನಲ್ಲಿ ಕನ್ನಡದ ಪಾಠ ಕೇಳಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಾರೆ. ಐಐಟಿ ಮೇಷ್ಟ್ರುಗಳ ಪಾಠ ಇರುವ ಎನ್‌ಪಿಟಿಇಎಲ್ ವಿಡಿಯೊ, ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಎಲ್ಲ ಪುಕ್ಕಟೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ, ಎಂ.ಎಸ್ಸಿ. ಓದುತ್ತಿರುವ ನಮ್ಮ ಹಳೇ ವಿದ್ಯಾರ್ಥಿನಿ ಒಬ್ಬಳು ಈಗಲೂ ತನ್ನ ಜೂನಿಯರ್‌ಗಳ ಡೌಟಿಗೆ ವಾಟ್ಸಾಪಿನಲ್ಲೇ ಉತ್ತರ ಕಳಿಸುತ್ತಾಳೆ. ಪುಸ್ತಕ ಕಾಯುವವಳಾದ ನಾನು ಇದನ್ನೆಲ್ಲ ಬೇಡ ಅನ್ನಲು ಸಾಧ್ಯವೇ ಇಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಮೊದಲು ಕಾಲೇಜುಗಳಿಗೆ. ನೋಟಿಸ್ ಬೋರ್ಡಿಗೆ ಜೀವ ಕೊಡಿ. ಗ್ರೂಪಿಗೆ ಹಾಕುವ ಪ್ರತಿ ಸೂಚನೆಯೂ ಅಲ್ಲಿ ಸಹಿ, ತಾರೀಖಿನ ಸಮೇತ ಇರಲಿ. ಆಗ ಸುಳ್ಳು ಸುತ್ತೋಲೆಗೂ ಬೆಲೆ ಇರಲ್ಲ. ನೋಟ್ಸಿನ ಒಂದು ಸೆಟ್ ಲೈಬ್ರರಿಯಲ್ಲಿ ಇಡಿ, ಬೇಕಾದವರು ಜೆರಾಕ್ಸ್ ಮಾಡಿಸಿಕೊಳ್ಳಲಿ. ಎಂಟು ಹತ್ತು ಗ್ರೂಪಿನ ಬದಲು ಕ್ಲಾಸಿಗೊಂದೇ ಗ್ರೂಪ್ ಸಾಕು. ಅದರಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಮಾಡಿ. ಸಂಜೆ ಏಳರ ಮೇಲೆ ಮೇಷ್ಟ್ರುಗಳೂ ಅದರಲ್ಲಿ ಏನೂ ಹಾಕಬಾರದು. ಮರುದಿನ ಬೆಳಿಗ್ಗೆ ಬೇಕಾದದ್ದನ್ನು ಹಿಂದಿನ ದಿನ ಕ್ಲಾಸಿನಲ್ಲೇ ಹೇಳಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಯಾವ ಆದೇಶವೂ ಬೇಕಿಲ್ಲ.

ನಮ್ಮ ರೀಡಿಂಗ್ ರೂಮಿನ ಬಾಗಿಲಲ್ಲಿ ಬ್ಯಾಗ್ ಇಡುವ ಹಾಗೇ ಮೊಬೈಲ್ ಇಡಲೂ ಒಂದು ಕಪಾಟು ಇಟ್ಟಿದ್ದೇವೆ. ಇಟ್ಟರೆ ಟೋಕನ್ ಕೊಡುತ್ತೇವೆ. ಕಡ್ಡಾಯ ಇಲ್ಲ. ಮೊದಮೊದಲು ಯಾರೂ ಇಡುತ್ತಿರಲಿಲ್ಲ, ಕಳೆದುಹೋದರೆ ಅನ್ನೋ ಭಯ. ಬೀಗ ಹಾಕಿದ ಮೇಲೆ ಪರೀಕ್ಷೆ ದಿನಗಳಲ್ಲಿ ಕೆಲವರು ತಾವಾಗಿಯೇ ಕೊಡಲು ಶುರು ಮಾಡಿದರು. ಊರಿಂದ ಫೋನ್ ಬಂದರೆ ನಾನು ಹೋಗಿ ಕರೆಯುತ್ತೇನೆ, ಅಮ್ಮಂದಿರ ಆತಂಕ ನನಗೂ ಗೊತ್ತು. ಮೊಬೈಲ್ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಗಮನ ಸೆಳೆಯುತ್ತದೆ, ಬೇರೆ ಕೋಣೆಯಲ್ಲಿಟ್ಟವರು ಚೆನ್ನಾಗಿ ಮಾಡಿದರು ಅಂತ 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ತಂಡ ಹೇಳಿತ್ತು. ಆಮೇಲೆ ಮತ್ತೆ ಮಾಡಿ ನೋಡಿದ ಎಲ್ಲರಿಗೂ ಅದೇ ಫಲಿತಾಂಶ ಸಿಕ್ಕಿಲ್ಲ. ಆದರೂ ಕೈಗೆ ಸಿಗದಿದ್ದರೆ ತೆರೆಯೋಕಂತೂ ಆಗಲ್ಲ ತಾನೇ.

ವಿದ್ಯಾರ್ಥಿಗಳಿಗೆ ಒಂದೇ ಒಂದು ಮಾತು. ಓದಲು ಕೂರುವ ಮೊದಲೇ ಬೇಕಾದ ನೋಟ್ಸ್ ತೆಗೆದು ಪ್ರಿಂಟ್ ಹಾಕಿಸಿ, ಇಲ್ಲವೇ ಕೈಯಲ್ಲಿ ಬರೆದುಕೊಳ್ಳಿ. ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಹಾಳೆಯ ಮೇಲೆ ಬರೆದು ನೋಡಿ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ, ಓದಿದ್ದನ್ನೇ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೆನಪು ಮಾಡಿಕೊಂಡು ಬರೆದವರು ಮುಂದಿದ್ದರು. ನಿಮ್ಮ ಪರೀಕ್ಷೆ ಐದು ನಿಮಿಷದ ಮೇಲೆ ಇರುವುದಿಲ್ಲ. ರೀಲ್ಸ್ ನೋಡಬೇಡಿ ಅಂತ ನಾನು ಹೇಳಲ್ಲ. ಲೆಕ್ಕ ಮುಗಿಸಿ ನೋಡಿ, ಬಸ್ಸಿನಲ್ಲಿ ನೋಡಿ. ರಾತ್ರಿ ನಿದ್ದೆ ಬರುತ್ತಿಲ್ಲ, ಬಿಡಬೇಕು ಅಂದರೂ ಬಿಡಲಾಗುತ್ತಿಲ್ಲ ಅನಿಸಿದರೆ ನಾಚಿಕೊಳ್ಳಬೇಡಿ. ಇದಕ್ಕೇ ಅಂತ ನಿಮ್ಹಾನ್ಸ್ 2014ರಿಂದ ಒಂದು ಕ್ಲಿನಿಕ್ ನಡೆಸುತ್ತಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ.

ಅಪ್ಪ ಅಮ್ಮಂದಿರೇ, ಮಗಳಿಗೆ ಬ್ಯಾಕ್ ಉಳಿದರೆ ದಯವಿಟ್ಟು ಟಿ.ಸಿ. ಕೇಳಲು ಬರಬೇಡಿ. ಯಾವ ಸಬ್ಜೆಕ್ಟು, ಎಲ್ಲಿ ತೊಡಕು ಅಂತ ಕೇಳಲು ಬನ್ನಿ. ಹಿಂದಿನ ವರ್ಷಗಳ ಪ್ರಶ್ನೆ ಪತ್ರಿಕೆಗಳನ್ನು ಬೈಂಡ್ ಮಾಡಿಸಿ ಕೌಂಟರಿನಲ್ಲೇ ಇಟ್ಟಿದ್ದೇನೆ. ರೀಡಿಂಗ್ ರೂಮ್ ಬೆಳಿಗ್ಗೆ ಒಂಬತ್ತೂವರೆಗೆ ತೆಗೆಯುತ್ತೇವೆ, ಪರೀಕ್ಷೆ ಮುಗಿಯುವವರೆಗೆ ಭಾನುವಾರವೂ ಮಧ್ಯಾಹ್ನದ ತನಕ ಇರುತ್ತದೆ. ಜಗಳೂರು, ಚನ್ನಗಿರಿ ಕಡೆಯಿಂದ ಬರುವ ಮಕ್ಕಳು ಬಸ್ ತಡವಾಯಿತು ಅಂತ ಹಿಂಜರಿಯೋದು ಬೇಡ. ಬಾಗಿಲಲ್ಲಿ ಹೆಸರು ಬರೆದು ಒಳಗೆ ಬರಲಿ, ಜಾಗ ನಾನು ಮಾಡಿಕೊಡುತ್ತೇನೆ.